ಹೊಯ್ಗೆ ನೆಲ, ಕೆಳಗೆ ಚಿರೆಕಲ್ಲು: ಕಡಲ ಬದಿಯಲ್ಲಿ ಹಣ್ಣಿನ ಮರ ಬೆಳೆಸುವ ಬಗೆ

ನಮ್ಮ ಜಾಗ ಅಂಕೋಲಾ ತಾಲೂಕಿನ ಕಡಲ ಬದಿಯಲ್ಲಿದೆ. 20 ಗುಂಟೆ. ಮೇಲೆ ಒಂದೂವರೆ ಅಡಿ ಹೊಯ್ಗೆ, ಅಂದರೆ ಮರಳು. ಅದರ ಕೆಳಗೆ ಹಾರೆ ಹಾಕಿದರೆ ಠಣ್ ಅನ್ನುವ ಚಿರೆಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು. 2016ರ ಮೇ ತಿಂಗಳಲ್ಲಿ ನಾನು ಅಲ್ಲಿ ಪುಸ್ತಕದಲ್ಲಿ ಹೇಳಿದ ಹಾಗೆ 3 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳದ 14 ಗುಂಡಿ ತೋಡಿಸಿದೆ. ಕಲ್ಲು ಒಡೆಯುವುದಕ್ಕೇ ನಾಲ್ಕು ದಿನ ಹಿಡಿಯಿತು. ಒಳ್ಳೆ ಗೊಬ್ಬರ, ಕೆಮ್ಮಣ್ಣು ತುಂಬಿ ಮಾವಿನ ಕಸಿ ಗಿಡ ನೆಟ್ಟೆ. ಜುಲೈ ಮುಗಿಯುವ ಹೊತ್ತಿಗೆ 11 ಗಿಡ ಸತ್ತಿದ್ದವು. ಎಲೆ ಜೋತುಬಿದ್ದು ಒಣಗಿದ್ದನ್ನು ನೋಡಿದರೆ ನೀರಿಲ್ಲದೆ ಸತ್ತ ಹಾಗಿತ್ತು, ಆದರೆ ಗಿಡ ಕಿತ್ತರೆ ಬೇರು ಕಪ್ಪಾಗಿ ಕೊಳೆತು ನಾರುತ್ತಿತ್ತು. ಪಕ್ಕದ ಗದ್ದೆಗೆ ಬರುವ ಹಾಲಕ್ಕಿ ಸಮುದಾಯದ ಅಜ್ಜಿ ಗುಂಡಿಯೊಳಗೆ ಕೈ ಹಾಕಿ ನೋಡಿ, “ತಮಾ, ಕಲ್ಲಿನೊಳಗೆ ನೀರು ನಿಂತ್ಕಂಡ್ರೆ ಗಿಡಕ್ಕೆ ಉಸ್ರಾಡುಕೆ ಆಗುದಿಲ್ಲ” ಅಂದರು.

ಆ ಒಂದು ಮಾತಿನಲ್ಲೇ ಎಲ್ಲ ಇತ್ತು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಹೋಗುತ್ತದೆ. ಹೊಯ್ಗೆ ನೀರನ್ನು ಸಲೀಸಾಗಿ ಇಳಿಸುತ್ತದೆ, ಕಲ್ಲು ತಡೆದು ನಿಲ್ಲಿಸುತ್ತದೆ. ಕಲ್ಲಿನಲ್ಲಿ ಕೊರೆದ ಗುಂಡಿ ಅಂದರೆ ತೂತಿಲ್ಲದ ಬಕೆಟ್ ಇದ್ದ ಹಾಗೆ. ಏಪ್ರಿಲ್ ಬಿಸಿಲಿಗೆ ಗಿಡ ಸಾಯುತ್ತದೆ ಅಂತ ನಾವು ಹೆದರುತ್ತೇವೆ, ಆದರೆ ಇಂಥ ನೆಲದಲ್ಲಿ ಗಿಡ ಸಾಯುವುದು ಜಾಸ್ತಿ ಜುಲೈ ನೀರಿಗೆ. ಹಾಗಾಗಿ ಕೆಳಗೆ ತೋಡುವ ಬದಲು ಮೇಲೆ ಕಟ್ಟಬೇಕು. ಅದನ್ನು ಹೇಗೆ ಮಾಡುವುದು ಅಂತ ಮೊದಲಿನಿಂದ ಹೇಳುತ್ತೇನೆ.

ಮೊದಲು ಸರಳು ಹಿಡಿದು ಜಾಗ ಸುತ್ತಿ

4 ಅಡಿ ಉದ್ದದ ಕಬ್ಬಿಣದ ಸರಳು ತೆಗೆದುಕೊಳ್ಳಿ, ತುದಿ ಸ್ವಲ್ಪ ಚೂಪು ಮಾಡಿಸಿ. ಮೂರು ಹೆಜ್ಜೆಗೊಂದು ಸಲ ನೆಲಕ್ಕೆ ಹೊಡೆದು ಎಷ್ಟು ಇಳಿಯುತ್ತದೆ ನೋಡಿ. ಕಡ್ಡಿ ನೆಟ್ಟು ಗುರುತು ಮಾಡಿ: ಇಲ್ಲಿ 1 ಅಡಿ, ಅಲ್ಲಿ ಎರಡೂವರೆ. ಚಿರೆಕಲ್ಲು ಮೇಲಿಂದ ಕಂಡ ಹಾಗೆ ಸಪಾಟಾಗಿ ಇರುವುದಿಲ್ಲ. ಅದರಲ್ಲಿ ಬಿರುಕು, ಪೊಟರೆ, ತಗ್ಗು ಎಲ್ಲ ಇರುತ್ತವೆ. ಎರಡು ಕಡೆ 1 ಅಡಿಗೇ ಕಲ್ಲು ಸಿಕ್ಕಿ, ನಡುವೆ ಒಂದು ಕಡೆ ಸರಳು ಪೂರ್ತಿ ಒಳಗೆ ಹೋಯಿತಾ? ಅದು ಬಿರುಕು. ಆ ಜಾಗ ಚಿನ್ನ. ದೊಡ್ಡ ಮರ ಅಲ್ಲೇ ಬರಬೇಕು. ಹಗ್ಗ ಹಿಡಿದು ನೇರ ಸಾಲು ಹಾಕುವ ಆಸೆ ಬಿಡಿ. ಕಲ್ಲು ಎಲ್ಲಿ ದಾರಿ ಕೊಡುತ್ತದೋ ಅಲ್ಲಿ ಮರ, ಸಾಲು ಸೊಟ್ಟಗಾದರೆ ಆಗಲಿ.

ಇದನ್ನು ಬೇಸಿಗೆಯಲ್ಲಿ ಮಾಡಿ. ಆಮೇಲೆ ಜುಲೈಯಲ್ಲಿ ಜೋರು ಮಳೆ ಬಂದು ನಿಂತ ಮರುದಿನ ಇನ್ನೊಂದು ಸಲ ಹೋಗಿ ನೀರು ಎಲ್ಲಿ ನಿಂತಿದೆ ನೋಡಿ. ಒಂದು ಮಳೆಗಾಲ ಸುಮ್ನೆ ನೋಡುವುದಕ್ಕೇ ಕಳೆದರೂ ಅದು ನಷ್ಟವಲ್ಲ.

ಕೆಳಗಿರುವುದು ಸುಣ್ಣವೋ ಚಿರೆಕಲ್ಲೋ

ಇದನ್ನು ತಿಳಿಯದೆ ಒಂದು ಮುಷ್ಟಿ ಗೊಬ್ಬರವನ್ನೂ ಹಾಕಬೇಡಿ, ಯಾಕೆಂದರೆ ಎರಡರ ಮದ್ದೂ ಪೂರ್ತಿ ಉಲ್ಟಾ. ಲಕ್ಷದ್ವೀಪದ ಮರಳು ಹವಳದ್ದು, ಅಂದರೆ ಸುಣ್ಣ. ಗುಜರಾತಿನ ಸೌರಾಷ್ಟ್ರ ಕರಾವಳಿಯಲ್ಲೂ ಮಣ್ಣಿನ ಕೆಳಗೆ ಸುಣ್ಣಕಲ್ಲು ಸಿಗುತ್ತದೆ. ಅಲ್ಲಿಯವರಿಗಾಗಿ ಬರೆದ ಸಲಹೆಯನ್ನು ವಾಟ್ಸಾಪ್‌ನಲ್ಲಿ ಓದಿ ನಾವು ಹಾಗೇ ಮಾಡಿದರೆ ಕೆಲಸ ಕೆಡುತ್ತದೆ. ನಮ್ಮ ಚಿರೆಕಲ್ಲು ನೆಲ ಹುಳಿ, ಅಂದರೆ ಆಮ್ಲೀಯ. ಮಳೆ ಅದರಲ್ಲಿದ್ದ ಸುಣ್ಣವನ್ನೆಲ್ಲ ಯಾವತ್ತೋ ತೊಳೆದು ಹಾಕಿದೆ.

ಆದರೆ ನಮ್ಮಲ್ಲೂ ಅಘನಾಶಿನಿ, ಗಂಗಾವಳಿ ನದಿಗಳು ಕಡಲು ಸೇರುವ ಕಡೆ ಬಳಚಿನ ಚಿಪ್ಪು ತುಂಬಿದ ಮರಳು ಇದೆ. ಅಂಥ ತೋಟ ಸುಣ್ಣದ ನೆಲದ ಹಾಗೇ ನಡೆದುಕೊಳ್ಳುತ್ತದೆ. ಪರೀಕ್ಷೆ ಸುಲಭ. 1 ಅಡಿ ಕೆಳಗಿನ ಒಂದು ಹಿಡಿ ಒಣ ಮಣ್ಣು ತೆಗೆದು ಬಟ್ಟಲಿಗೆ ಹಾಕಿ, ಮೇಲೆ ನಾಲ್ಕು ಚಮಚ ವಿನೆಗರ್ ಸುರಿಯಿರಿ. ಕಿವಿ ಹತ್ತಿರ ತನ್ನಿ. ಸೋಡಾ ಬಾಟಲಿ ತೆಗೆದ ಹಾಗೆ ಬುಸುಗುಟ್ಟಿ ನೊರೆ ಬಂದರೆ ಸುಣ್ಣ ಇದೆ. ಸದ್ದೇ ಇಲ್ಲದಿದ್ದರೆ ನಿಮ್ಮದು ಹುಳಿ ನೆಲ ಇರುವುದೇ ಹೆಚ್ಚು. ಇದರ ಮೇಲೆ ಒಂದು ಸಲ ಮಣ್ಣು ಪರೀಕ್ಷೆ ಮಾಡಿಸಿಬಿಡಿ. ಶಿರಸಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೂ ವಿಚಾರಿಸಬಹುದು.

ಹುಳಿ ನೆಲವಾದರೆ ಮಳೆಗಾಲಕ್ಕೆ ಮುಂಚೆ ಮರಕ್ಕೆ ಅರ್ಧ ಕಿಲೋದಷ್ಟು ಕೃಷಿ ಸುಣ್ಣ ಅಥವಾ ಡೋಲೋಮೈಟ್ ಹರಡಿ, ಎರಡು ವಾರ ಬಿಟ್ಟು ಗೊಬ್ಬರ ಕೊಡಿ. ಒಲೆ ಬೂದಿಯೂ ಒಳ್ಳೆಯದು. ಚಿಪ್ಪಿನ ನೆಲವಾದರೆ ಸುಣ್ಣ, ಬೂದಿ ಎರಡೂ ಬೇಡವೇ ಬೇಡ. ಅಲ್ಲಿ ಬರುವ ಕಾಯಿಲೆ ಬೇರೆ: ಹೊಸ ಎಲೆ ಹಳದಿ ಆಗುತ್ತದೆ, ನರ ಮಾತ್ರ ಹಸಿರಾಗಿ ಉಳಿಯುತ್ತದೆ, ಬಲೆ ಹಾಸಿದ ಹಾಗೆ. ಇದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣ ಅದನ್ನು ಕಟ್ಟಿ ಹಾಕಿರುತ್ತದೆ, ಹಾಗಾಗಿ ಬುಡಕ್ಕೆ ಕಬ್ಬಿಣದ ಸಲ್ಫೇಟ್ ಸುರಿದು ಪ್ರಯೋಜನ ಇಲ್ಲ, ಅದೂ ಕಟ್ಟಿಕೊಳ್ಳುತ್ತದೆ. ಎಲೆಗೇ ಕೊಡಬೇಕು. 1 ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, ಸಂಜೆ ಹೊತ್ತು, ಎಳೆ ಎಲೆ ಬಿಚ್ಚಿಕೊಂಡ ಮೇಲೆ ಸಿಂಪಡಿಸಿ. ಹದಿನೈದು ದಿನಕ್ಕೆ ಮತ್ತೊಮ್ಮೆ. ಬುಡಕ್ಕೇ ಹಾಕಬೇಕು ಅಂತಿದ್ದರೆ ಇಡಿಡಿಎಚ್‌ಎ ಅನ್ನುವ ಕಬ್ಬಿಣದ ಕೀಲೇಟ್ ಕೇಳಿ. ದುಬಾರಿ, ಆದರೆ ಸುಣ್ಣದ ನೆಲದಲ್ಲೂ ಕೆಲಸ ಮಾಡುತ್ತದೆ.

ಗಿಡಕ್ಕಿಂತ ಒಂದು ವರ್ಷ ಮುಂಚೆ ಬೇಲಿ ಮರ

ಜೂನ್ ಗಾಳಿ ಕಡಲಿನಿಂದ ಉಪ್ಪು ಹೊತ್ತು ತರುತ್ತದೆ. ಎಳೆ ಎಲೆಯ ಅಂಚು ಸುಟ್ಟ ಹಾಗೆ ಕಂದಾಗುವುದು ಅದಕ್ಕೇ. ಪಡುವಣ ದಿಕ್ಕಿಗೆ ತಡೆ ಬೇಕು. ಕಾರವಾರದ ದಂಡೆಯಲ್ಲಿ ಕಾಣುವ ಗಾಳಿ ಮರ, ಅಂದರೆ ಕ್ಯಾಸುರಿನಾ, ಬೇಗ ಬೆಳೆಯುತ್ತದೆ, ಬಡ ಮರಳಿನಲ್ಲೂ ಬೇರಿನ ಗಂಟಿನಲ್ಲಿ ಸಾರಜನಕ ಹಿಡಿಯುತ್ತದೆ. ಅದರ ಜೊತೆಗೆ ನಿಧಾನಕ್ಕೆ ಬೆಳೆಯುವ, ಆದರೆ ನೂರು ಬಿರುಗಾಳಿ ತಿಂದರೂ ಅಲುಗದ ಸುರಹೊನ್ನೆ ಹಾಕಿ. ಮುಂದೆ ಕೇದಿಗೆ. ಒಳ ಬೇಲಿಗೆ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ ಮತ್ತು ಲಕ್ಕಿ, ಕಡಿದು ಕಡಿದು ಬುಡಕ್ಕೆ ಹಾಕಲು.

ಕಾಂಪೌಂಡ್ ಗೋಡೆ ಇದೆಯಲ್ಲ, ಸಾಕು ಅಂತ ಕೆಲವರು ಹೇಳುತ್ತಾರೆ. ಸಾಲದು. ಗೋಡೆಗೆ ಬಡಿದ ಗಾಳಿ ಮೇಲೆ ಹಾರಿ ಆಚೆ ಸುಳಿಯಾಗಿ ಬೀಳುತ್ತದೆ. ಅರ್ಧ ಗಾಳಿಯನ್ನು ಸೋಸಿ ಬಿಡುವ ಮರದ ಸಾಲೇ ಒಳ್ಳೆಯದು. ಗಾಳಿ ಮರದಿಂದ ಹಣ್ಣಿನ ಗಿಡಕ್ಕೆ ಕಡಿಮೆ ಅಂದರೂ 18 ಅಡಿ ಬಿಡಿ, ನಡುವೆ ಒಂದು ಕಾಲುವೆ ತೆಗೆದು ಅದರ ಬೇರು ಈಚೆ ಬಾರದ ಹಾಗೆ ವರ್ಷಕ್ಕೊಮ್ಮೆ ಕಡಿಯಿರಿ.

ದಿಬ್ಬ ಕಟ್ಟುವುದು

ಇದೇ ಮುಖ್ಯ ಕೆಲಸ. ಏಪ್ರಿಲ್ ಕೊನೆಯಿಂದ ಮೇ ಒಳಗೆ ಮುಗಿಸಿ.

ಗುರುತು ಮಾಡಿದ ಜಾಗದಲ್ಲಿ 6ರಿಂದ 7 ಅಡಿ ಅಗಲದ ದುಂಡು ಎಳೆಯಿರಿ. ಒಳಗಿನ ಹೊಯ್ಗೆಯನ್ನು ಕಲ್ಲು ಕಾಣುವವರೆಗೆ ಪಕ್ಕಕ್ಕೆ ಎಳೆದಿಡಿ. ಈಗ ಕಲ್ಲನ್ನು ಗುಂಡಿ ಮಾಡಬೇಡಿ. ಹಾರೆಯಿಂದ ನಾಲ್ಕೈದು ಕಡೆ ಒಂದೊಂದು ಅಡಿ ಆಳ ತೂತು ಹೊಡೆದು, ಬಿರುಕು ಇದ್ದರೆ ಅದನ್ನು ಅಗಲ ಮಾಡಿ. ಬೇರಿಗೆ ಬೇಕಾದದ್ದು ದಾರಿ. ಇಳಿಜಾರಿನ ಕಡೆಗೆ ಒಂದು ಗೇಣು ಅಗಲದ ಸಣ್ಣ ಕಾಲುವೆಯನ್ನು ಕಲ್ಲಿನಲ್ಲೇ ಕೆತ್ತಿ ನೀರು ಹೊರಗೆ ಹೋಗುವ ಹಾಗೆ ಮಾಡಿ. ಈ ಕಾಲುವೆ ಮಾಡಿಸುವಾಗ ಕೆಲಸದವರು “ಇಷ್ಟಕ್ಕೆ ಯಾಕೆ ಅಷ್ಟು ಕಷ್ಟ” ಅನ್ನುತ್ತಾರೆ, ಬಿಡಬೇಡಿ, ಮುಂದೆ ನಿಂತು ಮಾಡಿಸಿ. ಹನ್ನೊಂದು ಗಿಡ ಕಳೆದುಕೊಂಡವನ ಮಾತು ಇದು.

ತಳಕ್ಕೆ ತೆಂಗಿನ ಸಿಪ್ಪೆ ಎರಡು ಸಾಲು, ಬಟ್ಟಲಿನ ಹಾಗೆ ಒಳಮೈ ಮೇಲೆ ಮಾಡಿ ಇಡಿ. ನೀರು ಹಿಡಿದು ಬೇಸಿಗೆಯಲ್ಲಿ ನಿಧಾನ ಬಿಡುತ್ತವೆ. ಕಾಲುವೆಯ ಬಾಯಿ ಮುಚ್ಚಬೇಡಿ. ಅದರ ಮೇಲೆ ಮಣ್ಣು: ಕೆಮ್ಮಣ್ಣು 4 ಬುಟ್ಟಿ, ತೆಗೆದಿಟ್ಟ ಹೊಯ್ಗೆ 3, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 2, ಜೊತೆಗೆ ಒಂದೆರಡು ಕಿಲೋ ಬೇವಿನ ಹಿಂಡಿ. ಚಿರೆಕಲ್ಲು ನೆಲದಲ್ಲಿ ಗೆದ್ದಲು ಜಾಸ್ತಿ, ಹಿಂಡಿ ಇರಲಿ. ಇದೇ ಲೆಕ್ಕದಲ್ಲಿ ಬೆರೆಸಿ ಸುತ್ತಲಿನ ನೆಲಕ್ಕಿಂತ 2 ಅಡಿ ಎತ್ತರಕ್ಕೆ ತುಂಬಿ. ಒಂದು ಮಳೆಗೆ ಅರ್ಧ ಅಡಿ ಕುಗ್ಗುತ್ತದೆ. ಸುತ್ತಲೂ ಒಡೆದ ಚಿರೆಕಲ್ಲಿನ ತುಂಡು ಜೋಡಿಸಿ, ಸಂದಿಯಲ್ಲಿ ಲಾವಂಚ ನೆಡಿ. ಇಲ್ಲವಾದರೆ ಜುಲೈ ಮಳೆ ದಿಬ್ಬವನ್ನೇ ಕೊಚ್ಚಿ ಹಾಕುತ್ತದೆ. ದಂಡೆಯಿಂದ ಹೊಸದಾಗಿ ತಂದ ಮರಳು ಮಾತ್ರ ಬಳಸಬೇಡಿ, ಅದರಲ್ಲಿ ಉಪ್ಪು ಇರುತ್ತದೆ.

ತೆಂಗಿನ ಗುಂಡಿಗೆ ಆರು ತಿಂಗಳು ಮುಂಚೆ 2 ಕಿಲೋ ಉಪ್ಪು ಹಾಕಿ ಚಿರೆಕಲ್ಲು ಮೆತ್ತಗೆ ಮಾಡುವ ಪದ್ಧತಿ ಇದೆಯಲ್ವಾ, ಅದು ತೆಂಗಿಗೆ ಮಾತ್ರ. ಮಾವು, ನಿಂಬೆಗೆ ಅದನ್ನು ಮಾಡಿದರೆ ಗಿಡ ಉಳಿಯುವುದಿಲ್ಲ.

ಯಾವ ಮರ, ಎಲ್ಲಿ

1 ಅಡಿಗೇ ಕಲ್ಲು ಸಿಗುವ ಕಡೆ ಗೇರು. ಪೋರ್ಚುಗೀಸರು ತಂದ ಮರ ಅಂತ ಯಾರಿಗೂ ಅನ್ನಿಸದಷ್ಟು ಅದು ನಮ್ಮ ಗುಡ್ಡಕ್ಕೆ ಒಗ್ಗಿದೆ. ವೆಂಗುರ್ಲಾ 4, ವೆಂಗುರ್ಲಾ 7, ಉಳ್ಳಾಲ 3, ಪುತ್ತೂರಿನ ಭಾಸ್ಕರ, ಇವೆಲ್ಲ ಕರಾವಳಿಯಲ್ಲೇ ಹುಟ್ಟಿದ ತಳಿಗಳು. ಗಿಡದಿಂದ ಗಿಡಕ್ಕೆ 24 ಅಡಿ. ಸೀತಾಫಲ, ನೆಲ್ಲಿ, ಬಿಂಬ್ಲಿ ಕೂಡ ಇಂಥ ಜಾಗದಲ್ಲಿ ದಿಬ್ಬದ ಮೇಲೆ ಚೆನ್ನಾಗಿ ಬರುತ್ತವೆ.

ಕಡಲಿಗೆ ಹತ್ತಿರ, ಉಪ್ಪು ಗಾಳಿ ಇದೆ ಅಂದರೆ ಚಿಕ್ಕು. ನನ್ನ ಅನುಭವದಲ್ಲಿ ಚಿಕ್ಕುವಿನಷ್ಟು ತಾಳ್ಮೆಯ ಮರ ಇನ್ನೊಂದಿಲ್ಲ. ಎಲೆ ದಪ್ಪ, ಕೊಂಬೆ ಬಾಗುತ್ತದೆ, ಮುರಿಯುವುದಿಲ್ಲ. ಕಾಲಿಪತ್ತಿ ತಳಿಯನ್ನು ಕಿರ್ಣಿ ಮರದ ಬೇರಿನ ಮೇಲೆ ಕಸಿ ಮಾಡಿದ್ದನ್ನೇ ಕೇಳಿ ತನ್ನಿ. ಪೇರಲವೂ ಒಗ್ಗುತ್ತದೆ, ಆದರೆ ಗಾಳಿ ತಡೆಯ ಹಿಂದೆ. ಮಳೆಗಾಲದಲ್ಲಿ ನೀರು ನಿಲ್ಲುವ ತಗ್ಗು ಇದ್ದರೆ ನೇರಳೆ ಬಿಟ್ಟು ಬೇರೇನೂ ಬೇಡ. ಮನೆ ಹಿಂದಿನ ತಂಪಿಗೆ ಮುರುಗಲು, ಅಂದರೆ ಕೋಕಂ. ಅದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ, ಬೀಜದ ಗಿಡ ಹಾಕಿ ಏಳೆಂಟು ವರ್ಷ ಕಾದು ಗಂಡು ಅಂತ ಗೊತ್ತಾದರೆ ಬೇಜಾರು, ಕಸಿ ಗಿಡವೇ ತನ್ನಿ.

ಸರಳು ಪೂರ್ತಿ ಇಳಿದ ಬಿರುಕಿನ ಜಾಗ ನೆನಪಿದೆಯಲ್ಲ? ಅದು ಮಾವಿಗೆ, ಅದರಲ್ಲೂ ಕರಿ ಇಶಾಡಿಗೆ. ಅಂಕೋಲೆಯ ಈ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ಸಿಪ್ಪೆ ತೆಳು, ದೂರ ಸಾಗಿಸಲು ಆಗದ ಹಣ್ಣು, ಅದಕ್ಕೇ ಅದು ನಮ್ಮ ಅಂಗಳದಲ್ಲೇ ಇರಬೇಕು. ಅದನ್ನು ನೆಡುವ ಬಗೆ ಬೇರೆ, ಕೆಳಗೆ ಹೇಳುತ್ತೇನೆ.

ಬೆಣ್ಣೆಹಣ್ಣು, ಮ್ಯಾಂಗೋಸ್ಟೀನ್, ರಂಬುಟಾನ್ ಎಲ್ಲ ಶಿರಸಿ ಕಡೆಯ ನೆಂಟರ ತೋಟದಲ್ಲಿ ನೋಡಿ ಆಸೆ ಆಗುತ್ತದೆ. ಅಲ್ಲಿ ಆಳವಾದ ಮಣ್ಣು, ಅಡಿಕೆ ಮರದ ನೆರಳು ಇದೆ. ಇಲ್ಲಿ ಎರಡೂ ಇಲ್ಲ. ಬೆಣ್ಣೆಹಣ್ಣಿಗಂತೂ ಬುಡದಲ್ಲಿ ನೀರು ನಿಂತರೂ ಆಗದು, ಉಪ್ಪೂ ಆಗದು. ದುಡ್ಡು ಉಳಿಸಿ.

ನೆಡುವುದು

ಬೇಸಿಗೆಯಲ್ಲಿ ನೀರು ಕೊಡಲು ಆಗುತ್ತದೆ ಅಂತಾದರೆ ಜೂನ್ ಬಿಟ್ಟು ಚೌತಿ ಆಸುಪಾಸಿಗೆ ನೆಡಿ. ಆಗ ಮಳೆಯ ಅಬ್ಬರ ಇಳಿದಿರುತ್ತದೆ, ನೆಲದಲ್ಲಿ ಹಸಿ ಇರುತ್ತದೆ, ದಿಬ್ಬ ಕುಳಿತು ಗಟ್ಟಿಯಾಗಿರುತ್ತದೆ. ನೀರಿನ ವ್ಯವಸ್ಥೆ ಇಲ್ಲದ ಗುಡ್ಡಕ್ಕೆ ಗೇರು ಮಾತ್ರ ಜೂನ್ ಮೊದಲ ಮಳೆಗೇ ಹಾಕಬೇಕು, ಬೇಸಿಗೆ ಬರುವಷ್ಟರಲ್ಲಿ ಬೇರು ಇಳಿಯಲಿ.

ಗಿಡ ಕೊಳ್ಳುವಾಗ ಎತ್ತರ ನೋಡಿ ಮರುಳಾಗಬೇಡಿ. ಎರಡನೇ ಸಲ ನಾನು ಒಂದು ನರ್ಸರಿಯಿಂದ 5 ಅಡಿ ಎತ್ತರದ ಪೇರಲ ಗಿಡ ತಂದಿದ್ದೆ, ಹಸಿರು ಉಕ್ಕುತ್ತಿತ್ತು. ಮೂರನೇ ವರ್ಷದ ಜೂನ್ ಗಾಳಿಗೆ ಒಂದು ಬೆಳಗ್ಗೆ ಅದು ಬುಡಸಮೇತ ಮಲಗಿತ್ತು. ಎತ್ತಿ ನೋಡಿದೆ. ಬೇರಿನ ಮುದ್ದೆ ಇನ್ನೂ ಪ್ಲಾಸ್ಟಿಕ್ ಚೀಲದ ಆಕಾರದಲ್ಲೇ ಇತ್ತು. ತಾಯಿ ಬೇರು ತಳದಲ್ಲಿ ಚಕ್ಕುಲಿ ಹಾಗೆ ಮೂರು ಸುತ್ತು ಸುತ್ತಿ ಅಲ್ಲೇ ದಪ್ಪಗಾಗಿತ್ತು, ಹೊರಗಿನ ಮಣ್ಣಿಗೆ ಹೋದದ್ದು ಬೆರಳಿನಷ್ಟು ದಪ್ಪದ ಎರಡೇ ಬೇರು. ಆ ಮುದ್ದೆಯನ್ನು ತುಂಬ ದಿನ ಅಂಗಳದಲ್ಲಿ ಇಟ್ಟುಕೊಂಡಿದ್ದೆ, ಬಂದವರಿಗೆ ತೋರಿಸಲು. ಹಾಗಾಗಿ ಎರಡು ಅಡಿಯ, ಒಂದು ವರ್ಷದ ಗಿಡ ಸಾಕು. ಚೀಲದ ತಳದ 1 ಇಂಚನ್ನು ಕತ್ತಿಯಿಂದ ಕೊಯ್ದು ತೆಗೆಯಿರಿ, ಸುತ್ತಿದ ಬೇರು ಇದ್ದರೆ ಬಿಡಿಸಿ, ಬಿಡಿಸಲು ಆಗದ್ದನ್ನು ಕತ್ತರಿಸಿ.

ಕಸಿ ಗಂಟು ಮಣ್ಣಿನಿಂದ 4 ಇಂಚು ಮೇಲೆ ಇರಲಿ, ಅದಕ್ಕೆ ಕಟ್ಟಿದ ಪ್ಲಾಸ್ಟಿಕ್ ಬಿಚ್ಚಿ. ಗಿಡದ ಸುತ್ತ ಮೂರು ಗೂಟ, ತೆಂಗಿನ ನಾರಿನ ಹಗ್ಗ, ಸಡಿಲ ಕಟ್ಟು. ಗಿಡ ಸ್ವಲ್ಪ ಅಲ್ಲಾಡಬೇಕು, ಅಲ್ಲಾಡಿದರೇ ಕಾಂಡ ದಪ್ಪಗಾಗುವುದು.

ಇಶಾಡಿಗೆ ಬಂದರೆ ನಾನು ಈಗ ಕಸಿ ಗಿಡ ತರುವುದನ್ನೇ ಬಿಟ್ಟಿದ್ದೇನೆ. ಮೇ ಕೊನೆಯಲ್ಲಿ ಕಾಟು (ಕಾಡು) ಮಾವಿನ ಹಣ್ಣು ತಿಂದು, ವಾಟೆಯನ್ನು, ಅಂದರೆ ಗೊರಟನ್ನು, ಒಣಗಲು ಬಿಡದೆ, ಬಿರುಕಿನ ಮೇಲೆ ಕಟ್ಟಿದ ದಿಬ್ಬದಲ್ಲಿ ಮೂರು ವಾಟೆ ಹುಗಿಯುತ್ತೇನೆ. ಹುಟ್ಟಿದ್ದರಲ್ಲಿ ಗಟ್ಟಿ ಗಿಡ ಒಂದನ್ನು ಉಳಿಸಿ ಉಳಿದದ್ದು ತೆಗೆಯುವುದು. ಅದರ ತಾಯಿ ಬೇರನ್ನು ಯಾರೂ ಮುಟ್ಟಿಲ್ಲ, ಚೀಲದಲ್ಲಿ ಸುತ್ತಿಲ್ಲ, ಸೀದಾ ಕೆಳಗೆ ಹೋಗಿ ಕಲ್ಲಿನ ಸಂದಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಮುಂದಿನ ವರ್ಷ ಜುಲೈ, ಆಗಸ್ಟ್‌ನಲ್ಲಿ ಕಾಂಡ ಪೆನ್ಸಿಲ್ ದಪ್ಪಕ್ಕೆ ಬಂದಾಗ ಅಲ್ಲೇ ಇಶಾಡಿನ ಕುಡಿ ತಂದು ಕಸಿ ಕಟ್ಟುವುದು. ಕಸಿ ಕಟ್ಟುವವರು ಅಂಕೋಲೆ, ಕುಮಟೆ ಕಡೆ ಸಿಗುತ್ತಾರೆ. ಒಂದೆರಡು ವರ್ಷ ತಡವಾಗಿ ಹಣ್ಣು ಬರುತ್ತದೆ ನಿಜ, ಆದರೆ ಹೀಗೆ ಬೆಳೆದ ನನ್ನ ಐದು ಮರದಲ್ಲಿ ಒಂದೂ ಈವರೆಗೆ ಗಾಳಿಗೆ ಬಿದ್ದಿಲ್ಲ.

ನೀರು, ಮುಚ್ಚಿಗೆ, ಗೊಬ್ಬರ

ಹೊಯ್ಗೆ ನೀರು ಹಿಡಿಯುವುದಿಲ್ಲ. ವಾರಕ್ಕೊಮ್ಮೆ ನಾಲ್ಕು ಕೊಡ ಸುರಿದರೆ ಮೂರು ಕೊಡ ಬೇರಿಗೆ ಸಿಗದೆ ಹೋಗುತ್ತದೆ. ಸ್ವಲ್ಪ ಸ್ವಲ್ಪ, ಎರಡು ದಿನಕ್ಕೊಮ್ಮೆ ಕೊಡಿ. ಡ್ರಿಪ್ ಇಲ್ಲದವರು ಗಿಡದಿಂದ ಒಂದೂವರೆ ಅಡಿ ದೂರದಲ್ಲಿ 10 ಲೀಟರ್ ಹಿಡಿಯುವ ಮಣ್ಣಿನ ಗಡಿಗೆಯನ್ನು ಕುತ್ತಿಗೆವರೆಗೆ ಹುಗಿದು ನೀರು ತುಂಬಿ ಬಾಯಿಗೆ ಚಿಪ್ಪು ಮುಚ್ಚಿಡಿ. ಅದು ಮೂರು ನಾಲ್ಕು ದಿನ ಒಸರುತ್ತದೆ. ಮೆರುಗು ಹಾಕಿದ ಮಡಕೆ ಆಗುವುದಿಲ್ಲ, ನೀರು ಹೊರಗೆ ಬರದು.

ಬಾವಿ ನೀರನ್ನು ಏಪ್ರಿಲ್, ಮೇ ತಿಂಗಳಲ್ಲಿ ನಾಲಿಗೆಗೆ ಹಚ್ಚಿ ನೋಡಿ. ನಾಲಿಗೆಗೆ ಉಪ್ಪು ಗೊತ್ತಾದರೆ ಮಾವು, ನಿಂಬೆಗೆ ಅದು ಆಗಲೇ ಜಾಸ್ತಿ. ಆ ಎರಡು ತಿಂಗಳು ಆ ನೀರನ್ನು ತೆಂಗು, ಚಿಕ್ಕುವಿಗೆ ಬಿಡಿ, ಉಳಿದವಕ್ಕೆ ಸಿಹಿ ನೀರು ಹೊತ್ತಾದರೂ ಕೊಡಿ. ಯಾವ ಕಾರಣಕ್ಕೂ ಎಲೆ ಮೇಲೆ ಉಪ್ಪು ನೀರು ಬೀಳಿಸಬೇಡಿ.

ದೀಪಾವಳಿ ಹೊತ್ತಿಗೆ, ನೆಲದಲ್ಲಿ ಹಸಿ ಇರುವಾಗಲೇ ದರಕು, ಅಂದರೆ ಉದುರಿದ ಒಣ ಎಲೆ, ಅರ್ಧ ಅಡಿ ದಪ್ಪ ಹಾಸಿ. ಕಾಂಡದಿಂದ ಒಂದು ಗೇಣು ದೂರ. ಮೇಲೆ ತೆಂಗಿನ ಸಿಪ್ಪೆ, ಈಗ ಬೆನ್ನು ಮೇಲೆ ಮಾಡಿ. ದರಕನ್ನು ಗುಡಿಸಿ ಬೆಂಕಿ ಹಾಕುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಹೊಯ್ಗೆಯನ್ನು ಮಣ್ಣು ಮಾಡುವುದು ಅದೊಂದೇ.

ಗೊಬ್ಬರವೂ ಹಾಗೇ, ಒಂದೇ ಸಲ ಗಾಡಿ ಲೆಕ್ಕದಲ್ಲಿ ಹಾಕಿದರೆ ಮಳೆ ತೊಳೆದು ಒಯ್ಯುತ್ತದೆ. ಸೆಪ್ಟೆಂಬರ್‌ನಿಂದ ಫೆಬ್ರವರಿ ಒಳಗೆ ಮೂರು ನಾಲ್ಕು ಕಂತು ಮಾಡಿ. ಜುಲೈಯಲ್ಲಿ ಏನೂ ಬೇಡ. ಮೀನಿನ ತಲೆ, ಬಾಲ, ಹಸಿ ತಾರ್ಲೆ (ಬೂತಾಯಿ ಮೀನು) ಸಿಕ್ಕರೆ ಸಮ ತೂಕ ಬೆಲ್ಲ ಹಾಕಿ ಮುಚ್ಚಿದ ಡ್ರಮ್‌ನಲ್ಲಿ ಒಂದು ತಿಂಗಳು ಕಳಿಯಿಸಿ, ಲೀಟರ್ ನೀರಿಗೆ 5 ಮಿಲಿಲೀಟರ್ ಬೆರೆಸಿ ಬುಡಕ್ಕೆ ಹಾಕಿ. ಉಪ್ಪು ಹಾಕಿ ಒಣಗಿಸಿದ ಮೀನು ಮಾತ್ರ ಬೇಡ.

ಮರವನ್ನು ಗಿಡ್ಡ ಇಡಿ

ಆಳಕ್ಕೆ ಬೇರಿಲ್ಲದ ಮರಕ್ಕೆ ಎತ್ತರದ ತಲೆ ಇದ್ದರೆ ಗಾಳಿ ಬಿಡುವುದಿಲ್ಲ. ಗಿಡ ಮೂರು ಅಡಿ ಆದಾಗ ಎರಡೂವರೆ ಅಡಿಗೆ ತುದಿ ಕತ್ತರಿಸಿ, ಮೂರು ನಾಲ್ಕು ಕವಲು ಬೇರೆ ಬೇರೆ ದಿಕ್ಕಿಗೆ ಬಿಡಿ. ಮುಂದೆ ಪ್ರತಿ ವರ್ಷ ಹಣ್ಣು ಮುಗಿದ ಮೇಲೆ, ಜೋರು ಮಳೆ ಹಿಡಿಯುವ ಮುಂಚೆ ಕತ್ತರಿಸಿ 12 ಅಡಿಯೊಳಗೆ ನಿಲ್ಲಿಸಿ. ಕಡಿದ ಜಾಗಕ್ಕೆ ಬೋರ್ಡೋ ಮುಲಾಮು ಹಚ್ಚಿ: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, 1 ಲೀಟರ್ ನೀರು. ಅಡಿಕೆಗೆ ಮದ್ದು ಹೊಡೆಯುವವರ ಮನೆಯಲ್ಲಿ ಎರಡೂ ಇರುತ್ತವೆ.

ಕಸಿ ಗೇರು, ಪೇರಲ ಎರಡನೇ ವರ್ಷವೇ ಹೂ ತೋರಿಸುತ್ತವೆ. ಕೈ ಬರುವುದಿಲ್ಲ ನಿಜ, ಆದರೂ ಚಿವುಟಿ ಹಾಕಿ. ಮೂರನೇ ವರ್ಷದಲ್ಲಿ ಗೂಟ ಬಿಚ್ಚಿ, ಕಾಂಡ ಹಿಡಿದು ಅಲ್ಲಾಡಿಸಿ. ಬುಡದ ಮಣ್ಣು ಅಲುಗಲಿಲ್ಲ ಅಂದರೆ ಆ ವರ್ಷದ ಹೂವು ಮರದಲ್ಲೇ ಇರಲಿ. ಅಲುಗಿದರೆ ಗೂಟ ಮತ್ತೆ ಕಟ್ಟಿ, ದಿಬ್ಬಕ್ಕೆ ಎರಡು ಬುಟ್ಟಿ ಮಣ್ಣು ಏರಿಸಿ, ಇನ್ನೊಂದು ವರ್ಷ ಹೂ ಚಿವುಟಿ.